ಅತ್ತೆಗೆ ಹೇಳದೆ ಬಿಟ್ಟ ಕಡೆಯ ಪಾಠ

ಕೆಂಪು ಬಾಳೆಗೊನೆ ಮಾಗುವ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇಂಗ್ಲಿಷ್ ಪಾಠ ನೆನಪಾಗುತ್ತದೆ. ನಗಬೇಡಿ. ಕಮಲಾಪುರದ ನಮ್ಮ ತೋಟದಿಂದ ಅವ್ವ ಬಂಡಿಯಲ್ಲಿ ಕಳಿಸುತ್ತಿದ್ದ ಗೊನೆಗಳು ಕಲಬುರಗಿಯ ಬ್ರಹ್ಮಪುರದಲ್ಲಿದ್ದ ಸೋದರಮಾವನ ಪಡಸಾಲೆಯ ತೊಲೆಗೆ ತೂಗುತ್ತಿದ್ದವು. ಅವುಗಳ ಕೆಳಗೇ ನಾವು ಏಳೆಂಟು ಹುಡುಗರು ಚಾಪೆ ಹಾಸಿಕೊಂಡು ಮೆಟ್ರಿಕ್ ಪರೀಕ್ಷೆಗೆ ಓದುತ್ತಿದ್ದೆವು. ನಿಜಾಮರ ಕಾಲ. ಶಾಲೆಯಲ್ಲಿ ಲೆಕ್ಕದಿಂದ ಚರಿತ್ರೆಯವರೆಗೆ ಎಲ್ಲವೂ ಉರ್ದು, ಮನೆಯಲ್ಲಿ ಕನ್ನಡ, ನಡುವೆ ಇಂಗ್ಲಿಷ್ ಎಂಬ ಭೂತ. ಆ ಭೂತ ಬಿಡಿಸುವುದರಲ್ಲಿ ಮಾವ ವೀರಭದ್ರಪ್ಪ ಮಾಸ್ತರರದು ಎತ್ತಿದ ಕೈ.

ಪ್ರಶ್ನೆಯನ್ನು ಎರಡು ಸಲ ಓದು, ಗೊತ್ತಿದ್ದುದನ್ನೆಲ್ಲ ಸುರಿಯಬೇಡ, ಇಂಥವನ್ನು ಎಲ್ಲ ಮಾಸ್ತರರೂ ಹೇಳುತ್ತಾರೆ. ಮಾವನ ಪದ್ಧತಿ ಬೇರೆಯೇ ಇತ್ತು. ಉತ್ತರ ಬರೆಯುವ ಮೊದಲು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪಾಠವನ್ನು ಅವರ ಹೆಂಡತಿ ನೀಲಮ್ಮತ್ತೆಗೆ ಕನ್ನಡದಲ್ಲಿ ಹೇಳಬೇಕು. ಅತ್ತೆಗೆ ಅಕ್ಷರ ಬಾರದು. ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುವಳು, ನಡುನಡುವೆ ಪ್ರಶ್ನೆ ಹಾಕುವಳು. “ಆಕಿ ಕೇಳಿದ್ದಕ್ಕ ಉತ್ತರ ಕೊಟ್ಟವಾ ಯಾವ ಪೇಪರಿಗೂ ಅಂಜಂಗಿಲ್ಲ” ಎನ್ನುತ್ತಿದ್ದರು ಮಾವ. ಗಂಡನನ್ನು ಕೂರಿಸಿಕೊಂಡು ಕಥೆ ಕೇಳುವ ರೂಢಿ ಅಂದಿನ ಹೆಂಗಸರಿಗೆ ಎಲ್ಲಿತ್ತು? ನಾವೇ ಅವಳ ಪುಸ್ತಕ.

ಆ ವರ್ಷ ಪಠ್ಯದಲ್ಲಿ ಹಲವು ಪಾಠಗಳಾಗಿ ಹಂಚಿದ ಒಂದು ಉದ್ದನೆಯ ಕಥೆಯಿತ್ತು. ಕುರಿ ಕಾಯುವವನ ಮಗಳೊಬ್ಬಳು ತಾಯಿಯೊಡನೆ ಜಗಳವಾಡಿ ಪಟ್ಟಣಕ್ಕೆ ಹೊರಟುಹೋಗುತ್ತಾಳೆ. ನಾನು ಇಷ್ಟು ಹೇಳುವಷ್ಟರಲ್ಲಿ ಅತ್ತೆಯ ಕೈ ಮೊರದಲ್ಲೇ ನಿಂತಿತು. “ಹೋಗುಮುಂದ ರೊಟ್ಟಿ ಕಟ್ಕೊಂಡ್ಳೇನೋ ತಮ್ಮಾ?” “ಅವರ ದೇಶದಾಗ ರೊಟ್ಟಿ ಇರಂಗಿಲ್ಲತ್ತಿ.” “ಏನರೆ ತಿಂತಿರಬೇಕಲ್ಲೋ! ಹಸಕೊಂಡು ಹ್ಯಾಂಗ ನಡದಾಳು ಕೂಸು?” ನಾನು ಗೊಣಗುತ್ತ ಹಾಳೆ ತಿರುವಿ ನೋಡಿದರೆ, ತಾಯಿ ಕದ್ದು ಮಗಳ ಗಂಟಿನಲ್ಲಿ ತಿಂಡಿ ಇಟ್ಟ ಸಾಲು ಅಲ್ಲಿತ್ತು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅತ್ತೆಯ ಒಬ್ಬಳೇ ಮಗಳು ಶಾಂತವ್ವ ಪ್ಲೇಗಿನಲ್ಲಿ ಹೋಗಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಆ ಸುಳ್ಳು ಹೇಳಿದೆನಲ್ಲ, ಅದಕ್ಕೇ ಇಂದಿಗೂ ನನ್ನ ಮುಖ ನನಗೇ ಬೇಡವಾಗಿದೆ.

ಪರೀಕ್ಷೆ ಹತ್ತಿರವಾಯಿತು. “ಆ ಕಥಿದು ಕಡೀ ಪಾಠ ಪರೀಕ್ಷಾಕ್ಕಿಲ್ಲ, ಬಿಡ್ರಿ” ಎಂದು ಮಾವ ಪುಸ್ತಕ ಮುಚ್ಚಿಸಿದರು. ನಾವು ಬದುಕಿದೆವೆಂದು ಕುಣಿದೆವು. ಅತ್ತೆ ಮಾತ್ರ ಬಿಡಲಿಲ್ಲ. ನೀರು ಕೊಡುವಾಗ, ಊಟಕ್ಕೆ ಬಡಿಸುವಾಗ ಅದೇ ಮಾತು: “ಆ ಹುಡುಗಿ ಮನಿಗಿ ಬಂದ್ಳೇನೋ ಬಸು?” ಕಡೆಯ ಪಾಠ ಎಂಟೇ ಪುಟ. ಅರ್ಧ ತಾಸಿನ ಕೆಲಸ. ಪರೀಕ್ಷೆಗೆ ಬಾರದ ಎಂಟು ಪುಟಕ್ಕೆ ಅರ್ಧ ತಾಸು ಯಾಕೆ ದಂಡ ಮಾಡಲಿ ಎಂದುಕೊಂಡ ಶಾಣ್ಯಾ ನಾನು! ಒಂದು ಮಧ್ಯಾಹ್ನ ವ್ಯಾಕರಣ ತಲೆ ತಿನ್ನುತ್ತಿದ್ದಾಗ ಮತ್ತೆ ಕೇಳಿದಳು. ರೇಗಿಬಿಟ್ಟೆ. “ಸತ್ತಳತ್ತಿ. ದಾರ್ಯಾಗ ಸತ್ತಳು. ಮುಗೀತು.”

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ತಾಯಿಗಿ ಗೊತ್ತಾತೇನು?” ಎಂದಳು. “ಆತು” ಎಂದೆ. ಆ ದಿನ ಅವಳು ಊಟ ಮಾಡಲಿಲ್ಲ. ಮಾವ ಕೇಳಿದರೆ ಹಸಿವಿಲ್ಲವೆಂದಳು. ನಾನು ಮಾತ್ರ ಹೊಟ್ಟೆ ಬಿರಿಯುವಂತೆ ಉಂಡೆ.

ಪಾಸಾದೆ, ಅದೂ ಮೊದಲ ದರ್ಜೆಯಲ್ಲಿ. ಅತ್ತೆಯೇ ನನಗೆ ದೃಷ್ಟಿ ತೆಗೆದು ಹೈದರಾಬಾದಿನ ಕಾಲೇಜಿಗೆ ಕಳಿಸಿದಳು. ಅಲ್ಲಿನ ಪುಸ್ತಕಾಲಯದಲ್ಲಿ ಒಂದು ದಿನ ಅದೇ ಕಥೆ ಕೈಗೆ ಸಿಕ್ಕಿತು. ನಿಂತಲ್ಲೇ ಕಡೆಯ ಪಾಠ ಓದಿದೆ. ಹುಡುಗಿ ಮನೆಗೆ ಬಂದಿದ್ದಳು. ತಾಯಿ ಬೈಯಲೂ ಇಲ್ಲ, ಅಳಲೂ ಇಲ್ಲ. ಉಂಡೆಯಾ ಎಂದಷ್ಟೇ ಕೇಳಿದ್ದಳು. ಅಯ್ಯೋ ಶಿವನೇ! ಅಂದೇ ಕಾಗದ ಬರೆಯಬೇಕಿತ್ತು. ಆದರೆ ಅದನ್ನು ಅತ್ತೆಗೆ ಓದಿ ಹೇಳುವವರು ಮಾವ, ಅವರಿಗೆ ನನ್ನ ಸುಳ್ಳು ತಿಳಿದುಬಿಡುತ್ತದೆ. ಬೇಸಿಗೆ ರಜೆಗೆ ಹೋದಾಗ ಬಾಯಿಂದಲೇ ಹೇಳಿದರಾಯಿತೆಂದು ಸುಮ್ಮನಾದೆ.

ರಜೆಗೆ ಹೋದಾಗ ಪಡಸಾಲೆಯ ತುಂಬ ಹೊಸ ಹುಡುಗರು. ಹೈದರಾಬಾದಿನಿಂದ ಬಂದ ನನ್ನನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಮಾವ ಪೇಟೆಯಿಂದ ಇನ್ನೂ ಬಂದಿರಲಿಲ್ಲ. ಒಬ್ಬ ಹುಡುಗ ಹೊಸ್ತಿಲಲ್ಲಿ ಕೂತು ಕುರಿ ಕಾಯುವವನ ಮಗಳ ಕಥೆ ಶುರು ಮಾಡಿದ. ಅತ್ತೆ ಕೈಯಾಡಿಸಿ ತಡೆದಳು. “ಅದು ಬ್ಯಾಡಪ್ಪಾ, ಬ್ಯಾರೆ ಹೇಳು. ಆ ಕೂಸು ಸಾಯ್ತಾಳ. ನನಗ ಕೇಳಾಕ ಆಗಂಗಿಲ್ಲ.”

ಹುಡುಗ ನನ್ನ ಕಡೆ ತಿರುಗಿದ. “ಹೌದೇನ್ರಿ ಅಣ್ಣಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅತ್ತೆಯೂ ನೋಡುತ್ತಿದ್ದಳು. ಅವಳ ಮುಖದಲ್ಲಿ ಇನ್ನೂ ಒಂದಿಷ್ಟು ಆಸೆ ಇತ್ತು, ನಾನು ಅಲ್ಲವೆಂದುಬಿಡುವೆನೇನೋ ಎಂಬಂತೆ. ಆ ಹುಡುಗರ ಮುಂದೆ ಮರ್ಯಾದೆ ಹೋದೀತೆಂದು ನಾನು ಹೌದೆಂದೆ. ಅವನು ಬೇರೆ ಪಾಠ ತೆಗೆದ.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು.