ಲೆಕ್ಕದಕ್ಕನ ಮೂರು ಚೌಕದ ಮೇಕೆ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಹುಲ್ಲಿನ ಮೇಲೆ ಬಿದ್ದ ವಿಕಿರಣದ ಧೂಳು ಹಸುವಿನ ಹೊಟ್ಟೆಗೆ ಎಷ್ಟು ಹೋಗುತ್ತದೆ, ಅಲ್ಲಿಂದ ಹಾಲಿಗೆಷ್ಟು, ಮಾಂಸಕ್ಕೆಷ್ಟು, ಕೊನೆಗೆ ಊಟದ ತಟ್ಟೆಗೆಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ಅವಳ ಹಸುವಿಗೆ ಕೊಂಬೂ ಇಲ್ಲ, ಬಾಲವೂ ಇಲ್ಲ. ಪರದೆಯ ಮೇಲೆ ಹೊಟ್ಟೆಗೊಂದು, ಹಾಲಿಗೊಂದು, ಮಾಂಸಕ್ಕೊಂದು ಎಂದು ಮೂರು ಚೌಕ, ನಾಲ್ಕು ಬಾಣ, ಅಷ್ಟೇ. ನಿಜವಾದ ಹಸು ಎದುರಿಗೆ ಬಂದು ನಿಂತರೆ ಇವಳು ಬಾಣ ಎಲ್ಲಿ ಎಂದು ಹುಡುಕುತ್ತಾಳೆ ಎಂದು ಗಂಡ ಛೇಡಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆ ಚೌಕಗಳು ಅವಳಿಗೆ ಎಂದೂ ಕೈಕೊಟ್ಟಿರಲಿಲ್ಲ.

ಆ ವರ್ಷ ದೂರದ ಅಣುಸ್ಥಾವರದಲ್ಲಿ ಅವಘಡವಾಯಿತು. ಗಾಳಿಯಲ್ಲಿ ತೇಲಿಬಂದ ಧೂಳು ಮಳೆಯ ಜೊತೆ ನಾದಿನಿಯ ಮನೆ ಹಿಂದಿನ ಗುಡ್ಡದ ಮೇಲೆ ಇಳಿಯಿತು. ನಾದಿನಿ ಮೇಕೆ ಸಾಕಿ, ಹಾಲು ಮಾರಿ ಬದುಕುವ ಒಂಟಿ ಹೆಂಗಸು. ಒಂದೊಂದು ಮೇಕೆಗೂ ಒಂದೊಂದು ಹೆಸರಿಟ್ಟು ಬೈಯುವವಳು. ಪಶುವೈದ್ಯರು ಬಂದು ಮೇಕೆಗಳ ತೊಡೆಗೆ ಅಳೆಯುವ ಯಂತ್ರ ಒತ್ತಿ ನೋಡಿ, ಎಲ್ಲವನ್ನೂ ಕೊಂದು ಹೂಳಬೇಕು ಎಂದರು.

ಲೆಕ್ಕದಕ್ಕ ನಡುವೆ ಬಿದ್ದಳು. ಮೇಕೆಗಳನ್ನು ಕೊಟ್ಟಿಗೆಯಲ್ಲಿ ಕೂಡಿ ಹೊರಗಿನಿಂದ ತರಿಸಿದ ಶುದ್ಧ ಮೇವು ಹಾಕಿದರೆ ಮೈಯೊಳಗಿನ ವಿಕಿರಣ ವಾರ ವಾರಕ್ಕೂ ತಾನಾಗಿ ಇಳಿಯುತ್ತದೆ, ತನ್ನ ಲೆಕ್ಕ ಹಾಗೆ ಹೇಳುತ್ತದೆ ಎಂದು ಪಟ್ಟು ಹಿಡಿದಳು. ಪಶುವೈದ್ಯರು ಅರೆಮನಸ್ಸಿನಿಂದ ಚಳಿಗಾಲ ಮುಗಿಯುವ ತನಕ ಗಡುವು ಕೊಟ್ಟರು. ಗುಡ್ಡಕ್ಕೆ ಬಿಡಬಾರದು, ಗುಡ್ಡದ ಸೊಪ್ಪು ಹಾಕಬಾರದು ಎಂದು ನಾದಿನಿಗೆ ಸಾರಿ ಸಾರಿ ಹೇಳಿದ್ದಾಯಿತು.

ಅಳತೆ ಮೊದಮೊದಲು ತುಸು ಇಳಿಯಿತು. ಆಮೇಲೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಪರದೆಯ ಮೇಲೆ ಲೆಕ್ಕದಕ್ಕನ ಗೆರೆ ಜಾರುಬಂಡೆಯಂತೆ ಕೆಳಗಿಳಿಯುತ್ತಿದ್ದರೆ, ನಿಜವಾದ ಅಳತೆಯ ಚುಕ್ಕಿಗಳು ಮೇಲೆಯೇ ಕೂತಿದ್ದವು. ಕೂಡಿ ಕಳೆದು ಮತ್ತೆ ನೋಡಿದಳು. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಕೊಟ್ಟಿಗೆಯ ಕಡೆಯದೇ. ಕೂಡಿಹಾಕಿದ ಮೇಕೆಗಳನ್ನು ನೋಡಲಾರದೆ ನಾದಿನಿ ಕದ್ದು ಗುಡ್ಡಕ್ಕೆ ಬಿಡುತ್ತಿದ್ದಾಳೆ ಎಂದುಕೊಂಡು ಬಸ್ಸು ಹತ್ತಿದಳು. ಕೈಯಲ್ಲಿದ್ದ ಚೀಲ ಇಳಿಸುವ ಮೊದಲೇ ಕೇಳಿಬಿಟ್ಟಳು.

"ನಿಜ ಹೇಳು. ಗುಡ್ಡಕ್ಕೆ ಬಿಡ್ತಿದ್ದೀಯಾ?"

"ಇಲ್ಲ ಅತ್ತಿಗೆ. ನೀವು ಹೇಳಿದ್ಮೇಲೆ ಒಂದಿನಾನೂ ಬಿಟ್ಟಿಲ್ಲ."

"ನನ್ನ ಲೆಕ್ಕ ಬೇರೆ ಹೇಳ್ತಿದೆಯಲ್ಲ."

ನಾದಿನಿಯ ಮುಖ ಸಣ್ಣದಾಯಿತು. ಬೇಕಾದರೆ ಕೊಟ್ಟಿಗೆಯಲ್ಲೇ ಕೂತು ನೋಡಿ ಎಂದಷ್ಟೇ ಹೇಳಿ, ಅತ್ತಿಗೆಗೆ ಹಾಸಿಗೆ ಹಾಸಲು ಒಳಗೆ ಹೋದಳು.

ಬೆಳಿಗ್ಗೆ ಲೆಕ್ಕದಕ್ಕ ಬಕೆಟ್ಟು ಬೋರಲು ಹಾಕಿಕೊಂಡು ಕೊಟ್ಟಿಗೆಯಲ್ಲಿ ಕೂತಳು. ಕೂತು ಮೇಕೆ ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ನಾದಿನಿ ಬುಟ್ಟಿ ತುಂಬ ತರಗೆಲೆ ತಂದು, ಮೇಕೆಗಳು ಬೆಚ್ಚಗೆ ಮಲಗಲಿ ಎಂದು ನೆಲಕ್ಕೆ ಮೆತ್ತಗೆ ಹರಡಿ ಹೋದಳು. ಮೇಕೆಗಳು ಗೋದಲಿಯ ಮೇವು ಖಾಲಿ ಮಾಡಿದವು. ಆಮೇಲೆ ತಲೆ ತಗ್ಗಿಸಿ ಕಾಲಡಿಯ ಎಲೆಗಳನ್ನು ಒಂದೊಂದಾಗಿ ಎತ್ತಿ, ಊಟವಾದ ಮೇಲೆ ಹರಟುತ್ತ ಕೂತವರ ಹಾಗೆ ನಿಧಾನವಾಗಿ ಮೆಲ್ಲತೊಡಗಿದವು. ತರಗೆಲೆ ಧೂಳು ಬಿದ್ದ ಅದೇ ಗುಡ್ಡದ್ದು. ಲೆಕ್ಕದಕ್ಕನ ಕಂಪ್ಯೂಟರಿನ ಮೇಕೆ ಗೋದಲಿಯಲ್ಲಿದ್ದದ್ದನ್ನು ಮಾತ್ರ ತಿನ್ನುತ್ತಿತ್ತು. ಮಲಗುವ ಹಾಸಿಗೆಯನ್ನೇ ತಿನ್ನುವ ಮೇಕೆ ಅವಳ ಚೌಕದೊಳಗೆ ಇರಲೇ ಇಲ್ಲ. ಹಾಸುವುದರ ಬಗ್ಗೆ ನಾದಿನಿಗೆ ಒಂದು ಮಾತೂ ಹೇಳಿರಲಿಲ್ಲ.

ತರಗೆಲೆಯನ್ನೆಲ್ಲ ಚೀಲಕ್ಕೆ ತುಂಬಿ ಸಾಗಿಸಿ, ಮರದ ಹೊಟ್ಟು ತಂದು ಹಾಸಿದರು. ಚುಕ್ಕಿಗಳು ಇಳಿದವು. ಗಡುವಿನ ದಿನ ಪಶುವೈದ್ಯರು ಪ್ರತಿ ಮೇಕೆಯನ್ನೂ ಅಳೆದು, ಕೊಲ್ಲುವ ಆದೇಶ ರದ್ದು ಎಂದರು. ಎಡವಟ್ಟಾದದ್ದೆಲ್ಲಿ ಎಂದೂ ಕೇಳಿದರು.

"ನಾನು ಹೇಳಿದ್ದನ್ನ ಇವಳು ಚಾಚೂ ತಪ್ಪದೆ ಮಾಡಿದ್ಲು. ತಪ್ಪಿದ್ದು ನಾನು" ಎಂದಳು ಲೆಕ್ಕದಕ್ಕ.

ಅವರು ಹೋದ ಮೇಲೆ ನಾದಿನಿ ಹತ್ತಿರದ ಮೇಕೆಯ ಕುತ್ತಿಗೆ ತಬ್ಬಿ ಬಿಕ್ಕಿ ಬಿಕ್ಕಿ ಅತ್ತಳು. ಸಮಾಧಾನವಾದ ಮೇಲೆ ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು.

"ಎಲೆ ನೋಡಿ ನನ್ನ ನಂಬಿದ್ರಿ ಅತ್ತಿಗೆ. ನನ್ನ ಮುಖ ನೋಡಿ ನಂಬಬಹುದಿತ್ತು."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಲೆಕ್ಕದಕ್ಕನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಆ ಸಂಜೆಯ ಬಸ್ಸಿಗೆ ಅವಳು ಹೋಗಲಿಲ್ಲ. ಪೊರಕೆ ಹುಡುಕಿಕೊಂಡು ಕೊಟ್ಟಿಗೆ ಗುಡಿಸತೊಡಗಿದಳು. ನಾದಿನಿ ಬೇಡ ಎನ್ನಲಿಲ್ಲ.