ಮೊದಲು ಮತಕ್ಕೆ ಹಾಕಬೇಕಾದ ಸೂಚನೆ

ಹುಡುಗರು ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ವಿಶ್ವಸಂಸ್ಥೆ. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು. ಪಾಸ್‌ಪೋರ್ಟ್ ಕೂಡ ಮಾಡಿಸದವಳು ಪ್ರತಿ ವರ್ಷ ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಲೋಕವನ್ನೇ ಕರೆಸುತ್ತಿದ್ದಳು. ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಕೂತು, ಎರಡು ದಿನ ವಾದಿಸಿ, ಕೊನೆಗೆ ಒಂದು ನಿರ್ಣಯಕ್ಕೆ ಬರುವ ಅಣಕು ಮಹಾಸಭೆ ಅದು. ಅವಳದು ತಾತ್ಕಾಲಿಕ ಉಪನ್ಯಾಸಕಿಯ ಕೆಲಸ. ಈ ಸಭೆ ನಡೆಸಲು ಬೇರೆ ಯಾರೂ ಮುಂದೆ ಬಾರದ್ದರಿಂದಲೇ ಆ ಕೆಲಸ ಮುಂದುವರಿಯುತ್ತಿತ್ತು.

ಈ ಸಲ ಹೊಸ ಡೀನ್ ಬಂದಿದ್ದರು.

"ಎರಡು ದಿನ ಮಾತಾಡ್ತಾರೆ, ಸರಿ. ಕೊನೆಗೆ ಕೈಗೆ ಏನು ಸಿಗುತ್ತೆ?"

"ನಿರ್ಣಯ, ಸರ್."

"ಹಾಗಾದ್ರೆ ಕೊನೇ ದಿನ ಬರ್ತೀನಿ. ನನ್ನ ಕಣ್ಣೆದುರು ಒಂದು ಪಾಸಾಗ್ಲಿ. ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಸಭಾಂಗಣ ಉದ್ಯೋಗ ಮೇಳಕ್ಕೆ."

ಸಭೆಯ ಜೊತೆಗೆ ಅವಳ ಕೆಲಸವೂ ಹೋಗುತ್ತದೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸಭೆಗೆ ಬೇಕಾದ ದೇಶಗಳ ಬಾವುಟಗಳನ್ನು ಹೊಲಿದದ್ದು ಅವಳ ಜೊತೆ ಒಂದೇ ಮನೆಯಲ್ಲಿದ್ದ ಅಕ್ಕ. ಟೈಲರ್ ಆಗಿದ್ದ ಅವಳ ಕೈಯಲ್ಲಿ ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳೇ ದೇಶಗಳಾಗುತ್ತಿದ್ದವು.

"ನೋಡೇ, ಈ ದೇಶ ಯಾರದೋ ಲಂಗದ ಒಳಪದರ. ಯುದ್ಧ ಗಿದ್ಧ ಮಾಡಿಸ್ಬೇಡ, ನೂಲು ಬಿಟ್ಕೊಳ್ಳುತ್ತೆ."

"ಮಾಡ್ಸಲ್ಲ ಬಿಡಕ್ಕ."

"ಫ್ಯಾನ್ ಎಷ್ಟು ಜೋರು ತಿರುಗ್ಬೇಕು ಅನ್ನೋ ನಮ್ಮಿಬ್ಬರ ಜಗಳವೇ ಇನ್ನೂ ಇತ್ಯರ್ಥ ಆಗಿಲ್ಲ. ಇವಳು ನದಿ ನೀರು ಹಂಚ್ತಾಳಂತೆ!"

ಈ ವರ್ಷದ ವಿಷಯ ನದಿ ನೀರೇ. ಎರಡನೆಯ ದಿನ ಬೆಳಿಗ್ಗೆ ದೊಡ್ಡ ದೇಶದ ಹುಡುಗನೊಬ್ಬ ಹೆಚ್ಚು ಸಮಯ ಕೇಳಿದ. "ನೀವೇ ಅಧ್ಯಕ್ಷರಲ್ವಾ ಮೇಡಂ, ನಿಮ್ಮ ಮರ್ಜಿ" ಎಂದ.

"ಈ ಕುರ್ಚಿಗೆ ಮರ್ಜಿ ಇಲ್ಲಪ್ಪ, ನಿಯಮ ಮಾತ್ರ. ಕೂತ್ಕೋ."

ಮೂಲೆಯಲ್ಲಿ, ಕಡಲಿಲ್ಲದ ಪುಟ್ಟ ದೇಶದ ಹೆಸರಿನ ಬಿಳಿ ಫಲಕದ ಹಿಂದೆ, ಪಿಸುಮಾತು ಎಂದು ಗೆಳತಿಯರು ಕರೆಯುವ ಹುಡುಗಿ ಕೂತಿದ್ದಳು. ನಿಯಮವೆಲ್ಲ ಅವಳಿಗೆ ಬಾಯಿಪಾಠ. ಆದರೆ ಮಾತಿಗಾಗಿ ಒಮ್ಮೆಯೂ ಫಲಕ ಎತ್ತಿರಲಿಲ್ಲ. "ಒಂದು ಸಲವಾದ್ರೂ ಎತ್ತಮ್ಮ" ಎಂದು ಮೇಡಂ ವರಾಂಡದಲ್ಲಿ ಬೆನ್ನು ತಟ್ಟಿ ಬಂದಿದ್ದಳು.

ಮಧ್ಯಾಹ್ನದ ಹೊತ್ತಿಗೆ ಹೇಗೋ ನಿರ್ಣಯದ ಕರಡು ಸಿದ್ಧವಾಯಿತು. ನದಿಯ ಮೇಲಿನ ದೇಶ, ಕೆಳಗಿನ ದೇಶ ಎರಡೂ ಗೊಣಗುತ್ತಲೇ ಒಪ್ಪಿದ್ದವು. ಕೊನೆಯ ಸಾಲಿನಲ್ಲಿ ಡೀನ್ ಮೊಬೈಲ್ ನೋಡುತ್ತ ಕೂತಿದ್ದರು. ಇನ್ನು ಇಬ್ಬರು ಮಾತಾಡಿದರೆ ಮತದಾನ.

ಆಗ ಮೂಲೆಯ ಫಲಕ ಎದ್ದಿತು.

"ಮಾನ್ಯ ಅಧ್ಯಕ್ಷರೇ, ಗಣ್ಯ ಅತಿಥಿಗಳನ್ನು ಕಾಯಿಸುವುದು ಸರಿಯಲ್ಲವಾದ್ದರಿಂದ, ಅಧಿವೇಶನವನ್ನು ಈಗಲೇ ಮುಕ್ತಾಯಗೊಳಿಸಬೇಕೆಂದು ನಮ್ಮ ದೇಶ ಸೂಚಿಸುತ್ತದೆ."

ಪಿಸುಮಾತಿನ ಧ್ವನಿ ಈಗ ಸ್ಪಷ್ಟವಾಗಿತ್ತು. ಮುಕ್ತಾಯದ ಸೂಚನೆ ಬಂದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ಮತಕ್ಕೆ ಹಾಕಬೇಕು. ಗೆದ್ದರೆ ಕರಡು ಅಲ್ಲಿಗೇ ಸತ್ತಂತೆ. ಇದನ್ನೆಲ್ಲ ಹುಡುಗರಿಗೆ ಕಲಿಸಿದವಳು ಅವಳೇ.

"ಆಮೇಲೆ ನೋಡೋಣ" ಎಂದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಬೆಳಗಿನ ಹುಡುಗ ಮಾತ್ರ ಹುಬ್ಬೇರಿಸಿ ಅವಳನ್ನೇ ನೋಡುತ್ತಿದ್ದ. ಮೂಲೆಯ ಹುಡುಗಿ ಇನ್ನೂ ನಿಂತೇ ಇದ್ದಳು.

"ಸೂಚನೆ ಕ್ರಮಬದ್ಧವಾಗಿದೆ" ಎಂದಳು ಮೇಡಂ. "ಪರವಾಗಿರುವವರು?"

ಹೊರಗೆ ಹಾಸ್ಟೆಲಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕೆರೆಯಂಗಳದಿಂದ ಕೊಕ್ಕರೆಗಳು ಒಟ್ಟಿಗೇ ಏಳುವಂತೆ ಬಿಳಿ ಫಲಕಗಳು ಎದ್ದವು. ಅವಳು ಒಂದೊಂದನ್ನೂ ಎಣಿಸಿದಳು, ಎಣಿಸುವ ಅಗತ್ಯವಿಲ್ಲದಿದ್ದರೂ.

"ಮುಗೀತಾ? ನಿರ್ಣಯ?" ಡೀನ್ ಕೇಳಿದರು.

"ಆಗ್ಲಿಲ್ಲ, ಸರ್."

"ನೀವೇ ಅಲ್ವಾ ಅಧ್ಯಕ್ಷರು?"

"ಹೌದು, ಸರ್."

ಅವರು ಬೈಯಲಿಲ್ಲ. ತಲೆಯಾಡಿಸಿ ಹೊರಟುಹೋದರು.

ಬಸ್ಸಿಗೆ ಓಡುವ ಗುಂಪಿನಿಂದ ಪಿಸುಮಾತು ತಿರುಗಿ ಬಂದಳು. ಮುಖ ದೀಪದಂತಿತ್ತು. "ಮೇಡಂ, ಸರಿಯಾಗಿ ಹೇಳಿದ್ನಾ?"

"ಒಂದಕ್ಷರ ತಪ್ಪಿಲ್ಲಮ್ಮ. ಹೋಗು, ಬಸ್ ತಪ್ಪುತ್ತೆ."

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಎಲ್ಲವನ್ನೂ ಕೇಳಿಸಿಕೊಂಡಳು. "ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿಹಾಕ್ಕೊಂಡೆಯಲ್ಲೇ" ಎಂದಳು. ಆಮೇಲೆ ಎದ್ದುಹೋಗಿ, ಫ್ಯಾನನ್ನು ತಂಗಿಗೆ ಬೇಕಾದಷ್ಟು ನಿಧಾನಕ್ಕೆ ತಿರುಗಿಸಿ ಬಂದಳು.

ಬಾವುಟಗಳ ಚೀಲ ನೆಲದ ಮೇಲಿತ್ತು.

"ಒಳಪದರಕ್ಕೆ ಬಟ್ಟೆ ಬೇಕಿತ್ತು. ಇವನ್ನ ಬಿಚ್ಚಲಾ?"

ತಂಗಿ ಚೀಲ ಸುರಿದು, ಪುಟ್ಟ ಕತ್ತರಿ ತೆಗೆದುಕೊಂಡು, ಮೊದಲು ಕೈಗೆ ಸಿಕ್ಕ ದೇಶದ ಹೊಲಿಗೆಯನ್ನು ತಾನೇ ಬಿಚ್ಚತೊಡಗಿದಳು.