ದುಬೈ ಕಡವಿನಲ್ಲಿ ಎರಡು ದಿನ

ಎಂಬತ್ತೆರಡನೆಯ ಇಸವಿಯ ಡಿಸೆಂಬರಿನಲ್ಲಿ ನಾನು ಏಕಸದಸ್ಯ ವಿಚಾರಣಾ ಆಯೋಗವಾಗಿ ದುಬೈಗೆ ಹೊರಟೆ. ಟಿಕೆಟು ಕಳಿಸಿದವನು ಅಕ್ಕನ ಮಗ ಜಗನ್ನಾಥ. ಅಲ್ಲಿ ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್. ನಿವೃತ್ತ ಹೆಡ್‌ಮಾಸ್ತರನಾದ ಸೋದರಮಾವನಿಗೆ ರಜೆಯ ದಿನಗಳಲ್ಲಿ ಊರು ತೋರಿಸಬೇಕೆಂಬುದಷ್ಟೇ ಅವನ ಆಸೆ. ಆಯೋಗವನ್ನು ನೇಮಿಸಿದವರು ಬೇರೆ: ಕಡಬದ ಹತ್ತಿರ ಕೋಡಿಂಬಾಳದಲ್ಲಿ ಜಿನಸಿನ ಅಂಗಡಿ ಇಟ್ಟ ಉಸ್ಮಾನ್ ಬ್ಯಾರಿಗಳು.

ವಿಷಯ ಇಷ್ಟು. ಉಪ್ಪಿನಂಗಡಿಯಿಂದ ಮೇಲಕ್ಕೆ ನಾವು ಕುಮಾರಧಾರೆಯನ್ನು ದಾಟುವ ಕಡವಿನಲ್ಲಿ ದೋಣಿ ನಡೆಸುವವನು ಅದ್ರಾಮ. ಅವನ ಮಗ ಹಮೀದ್ ದುಬೈ ಸೇರಿ ಮೂರು ವರ್ಷವಾಗಿತ್ತು. ಉಸ್ಮಾನರ ಮಗಳು ನೆಬಿಸಾಳಿಗೆ ಅವನ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಇಬ್ಬರೂ ನನ್ನ ಶಾಲೆಯಲ್ಲಿ ಕಲಿತವರಾದ್ದರಿಂದ ಎರಡೂ ಕಡೆಯವರಿಗೆ ನಾನು ಒಪ್ಪಿಗೆಯ ಸಾಕ್ಷಿ.

"ಅಲ್ಲಿಂದ ಬರುವ ಕಾಗದದಲ್ಲಿ ಎಲ್ಲರೂ ಮೇನೇಜರೇ, ಮಾಷ್ಟ್ರೆ," ಎಂದರು ಉಸ್ಮಾನ್. "ಇವ ಬೋಟು ಬಿಡುದು ಅಂತ ಬರ್ದಿದ್ದಾನೆ. ನೀವು ಕಣ್ಣಲ್ಲಿ ನೋಡಿ ಬಂದು ಆಗ್ಬಹುದು ಹೇಳಿದ್ರೆ ಆಯ್ತು. ಬೇಡ ಹೇಳಿದ್ರೆ ಬೇಡ."

ಬಾಗಿಲ ಹಿಂದಿನಿಂದ ನೆಬಿಸಾ ಮಾತಾಡಿದಳು. "ಕೆಲಸ ಎಂತದೂ ಇರ್ಲಿ ಮಾಷ್ಟ್ರೆ. ಅಲ್ಲಿ ಹೋದವರು ಬದಲಾಗ್ತಾರಂತೆ. ಅದೊಂದು ನೋಡಿ ಬನ್ನಿ."

ಕೆಲಸ ನೋಡುವುದು ಸುಲಭ. ಮನುಷ್ಯ ಬದಲಾದದ್ದನ್ನು ನೋಡುವುದು ಹೇಗೆಂದು ಯಾವ ತರಬೇತಿ ಕಾಲೇಜಿನಲ್ಲೂ ನನಗೆ ಕಲಿಸಿರಲಿಲ್ಲ. ಆದರೂ ಪುತ್ತೂರಿನ ದರ್ಜಿಯಿಂದ ಹೊಸದೊಂದು ಪ್ಯಾಂಟು ಹೊಲಿಸಿಕೊಂಡು, ಆಯೋಗಕ್ಕೆ ತಕ್ಕ ಗಾಂಭೀರ್ಯದಿಂದ ಮಂಗಳೂರಿನಲ್ಲಿ ಮುಂಬಯಿ ಬಸ್ಸು ಹತ್ತಿದೆ. ಒಂದು ಹಗಲು ಒಂದು ರಾತ್ರಿ ಕುಲುಕಿದ ಮೇಲೆ ಮುಂಬಯಿ. ಅಲ್ಲಿಂದ ಮೂರು ಗಂಟೆಯ ವಿಮಾನ ಪ್ರಯಾಣ. ಇಳಿದಾಗ ಜಗನ್ನಾಥ ಹೇಳಿದ, "ಮಾವ, ವಾಚು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ."

ನಾನು ಒಪ್ಪಲಿಲ್ಲ. ಮೂವತ್ತಮೂರು ವರ್ಷ ಶಾಲೆಯ ಗಂಟೆ ಹೊಡೆಸಿದ ಗಡಿಯಾರವನ್ನು ನಾಲ್ಕು ದಿನದ ಅತಿಥಿತನಕ್ಕಾಗಿ ಪಕ್ಷಾಂತರ ಮಾಡಿಸುವುದು ಸರಿಯೆನಿಸಲಿಲ್ಲ. ಒಂದೂವರೆ ಕಳೆಯುವ ಲೆಕ್ಕ ಮೂರನೇ ಕ್ಲಾಸಿನದು. ಬಾಯಲ್ಲೇ ಮಾಡಬಹುದು ಎಂದೆ.

ಅಲ್ಲಿ ವಾರದ ರಜೆ ಶುಕ್ರವಾರ, ಗುರುವಾರ ಅರ್ಧ ದಿನ. ಗುರುವಾರ ಮಧ್ಯಾಹ್ನ ಮಲಯಾಳಿಯೊಬ್ಬನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡು ನೀರಿನ ಬದಿಗೆ ಹೋದೆವು. ಸಮುದ್ರ ಊರಿನೊಳಗೆ ನುಗ್ಗಿ, ಹೊಳೆಯ ವೇಷ ಹಾಕಿ ಮಲಗಿದಂತಿತ್ತು. ಈ ಬದಿ ದೇರಾ, ಆ ಬದಿ ಬರ್ ದುಬೈ. ದಡದುದ್ದಕ್ಕೂ ಮರದ ಹಡಗುಗಳು ಒಂದರ ಮಗ್ಗುಲಿಗೆ ಒಂದು ತಾಗಿ ನಿಂತಿದ್ದವು. ಅವುಗಳ ಮೇಲೆ ಟಯರು, ಫ್ರಿಜ್ಜು, ಈರುಳ್ಳಿ, ಒಂದೆಡೆ ಬೇಸರದಿಂದ ನಿಂತ ಎರಡು ಆಡು. ಜನರನ್ನು ದಾಟಿಸುವ ಸಣ್ಣ ದೋಣಿಗಳಿಗೆ ಅಲ್ಲಿ ಅಬ್ರಾ ಎನ್ನುತ್ತಾರೆ. ದಾಟಲು ಕಾಲು ದಿರ್ಹಮ್ ಸಾಕು. ಹಮೀದನದು ಅದಲ್ಲ. ಊರು ನೋಡಲು ಬಂದವರನ್ನು ನೀರಿನ ಮೇಲೆ ಸುತ್ತಿಸುವ ಮೂವತ್ತು ಸೀಟಿನ ಬೋಟು. ತಲೆಗೆ ಹತ್ತು ದಿರ್ಹಮ್, ನಮ್ಮ ಇಪ್ಪತ್ತೈದು ರೂಪಾಯಿಗೂ ಮಿಕ್ಕಿ.

ಬಿಳಿ ಅಂಗಿ, ಬಿಳಿ ಟೊಪ್ಪಿ, ಕುತ್ತಿಗೆಯಲ್ಲಿ ಸೀಟಿ. ನನ್ನನ್ನು ಕಂಡವನೇ ಹಮೀದ್ ಟೊಪ್ಪಿ ತೆಗೆದು ನಿಂತ. ಶಾಲೆಯಲ್ಲಿ ತಡವಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದದ್ದೂ ಹೀಗೆಯೇ. "ಬನ್ನಿ ಮಾಷ್ಟ್ರೆ, ಎದುರಿನ ಸೀಟು ನಿಮ್ಗೆ ಇಟ್ಟಿದ್ದೇನೆ."

ಬೋಟು ಬಿಡುವುದಂತೂ ನಿಜ. ಆಯೋಗದ ಮೊದಲನೆಯ ಅಂಶ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಎರಡನೆಯದಕ್ಕೂ ಸಾಕ್ಷ್ಯ ಕೂಡಲೇ ಸಿಕ್ಕಿತು, ಸಿಗದಿದ್ದರೆ ಒಳ್ಳೆಯದಿತ್ತು. ನಾಲ್ಕು ಗಂಟೆಗೆ ಹಗ್ಗ ಬಿಚ್ಚುವಾಗ ಇಬ್ಬರು ಕೈಯಲ್ಲಿ ಕಟ್ಟು ಹಿಡಿದು ಓಡಿ ಬರುತ್ತಿದ್ದರು. ಹಮೀದ್ ಅವರನ್ನು ನೋಡಿದ, ದಡದ ಟಿಕೆಟು ಕೋಣೆಯ ಗೋಡೆಯಲ್ಲಿದ್ದ ಗಡಿಯಾರ ನೋಡಿದ, ಸೀಟಿ ಊದಿ ಬೋಟು ಬಿಟ್ಟ.

"ಹಮೀದ್, ಇಬ್ಬರು ಬರ್ತಾ ಇದ್ರಲ್ಲ," ಎಂದೆ.

"ನೋಡಿದೆ ಮಾಷ್ಟ್ರೆ. ಇಲ್ಲಿ ಕಾಯ್ಲಿಕ್ಕೆ ಇಲ್ಲ. ಟೈಮು ಅಂದ್ರೆ ಟೈಮು. ನೀವೇ ಕಲ್ಸಿದ್ದಲ್ವಾ?"

ಸಮಯಪಾಲನೆಯ ಮೇಲೆ ನಾನು ಬೆತ್ತ ಸವೆಸಿದ್ದು ಹೌದು. ಅದು ನಾಟಿದ ಮೊದಲ ಶಿಷ್ಯನನ್ನು ಕಂಡು ಸಂತೋಷವಾಗಬೇಕಿತ್ತು. ಆಗಲಿಲ್ಲ.

ನಮ್ಮ ಕಡವಿನ ಕ್ರಮ ಗೊತ್ತಿಲ್ಲದವರಿಗೆ ಅದು ಯಾಕೆಂದು ಹೇಳಬೇಕು. ದಾಟಬೇಕಾದವರು ದಡದಲ್ಲಿ ನಿಂತು, ಬಾಯಿಗೆ ಎರಡೂ ಕೈ ಕೊಟ್ಟು 'ಕೂ' ಹಾಕುತ್ತಾರೆ. ಮೊದಲ ಕೂಗು ಮಕ್ಕಳ ಆಟವಿರಬಹುದು. ಎರಡನೆಯದು ಅವಸರದವರದ್ದಿರಬಹುದು. ಮೂರನೆಯದು ಬಿತ್ತೆಂದರೆ ಅಂಬಿಗ ನಡುಹೊಳೆಯಲ್ಲಿದ್ದರೂ, ಗಂಜಿಯ ಎದುರು ಕೂತಿದ್ದರೂ, ದೋಣಿ ತಿರುಗಿಸಲೇಬೇಕು. ಅದ್ರಾಮನ ಅಜ್ಜನ ಕಾಲದಿಂದ ಬಂದ ಕ್ರಮ. ಹಮೀದ್ ಶಾಲೆಗೆ ತಡವಾಗುತ್ತಿದ್ದದ್ದೂ ಇದರಿಂದಲೇ. ಅಪ್ಪನ ಜೊತೆ ಹೊರಟವನು ಯಾರದೋ ಮೂರನೇ ಕೂಗಿಗೆ ಹಿಂದೆ ಹೋಗಿ ಬರಬೇಕಾಗುತ್ತಿತ್ತು. ಅಂಥ ಮನೆಯ ಹುಡುಗ ಈಗ ಓಡಿ ಬರುವವರನ್ನು ಬಿಟ್ಟು ಹೋಗುತ್ತಾನೆ. ಎರಡೂ ದಡದಲ್ಲಿ ದೀಪ ಹತ್ತಿದವು, ತಣ್ಣನೆ ಗಾಳಿ ಬೀಸಿತು, ಮೂವತ್ತೊಂಬತ್ತು ಅಂತಸ್ತಿನ ಕಟ್ಟಡವೊಂದು ದೂರದಲ್ಲಿ ಕಂಡಿತು. ನನಗೆ ಅಷ್ಟೂ ಹೊತ್ತು ಕಂಡದ್ದು ಕೋಡಿಂಬಾಳದ ಒಂದು ಬಾಗಿಲು.

ಶುಕ್ರವಾರ ಮಧ್ಯಾಹ್ನದ ಬೋಟಿನಲ್ಲಿ ಮತ್ತೆ ಹೋದೆವು. ಆ ದಿನದ ಸುತ್ತಿನಲ್ಲಿ ಬರ್ ದುಬೈಯ ಕಡೆ ಒಂದೂವರೆ ಗಂಟೆ ಇಳಿದು ತಿರುಗಾಡಬಹುದು. ಸರಿಯಾಗಿ ಐದಕ್ಕೆ ಬೋಟು ವಾಪಸು. ಬಟ್ಟೆ ಅಂಗಡಿಗಳ ಸಾಲು ನೋಡಿದೆವು. ಮನೆಗಳ ತಲೆಯ ಮೇಲೆ ಗಾಳಿಯನ್ನು ಒಳಕ್ಕೆ ಇಳಿಸಲೆಂದೇ ಕಟ್ಟಿದ ಗೋಪುರಗಳನ್ನು ನೋಡಿದೆವು. ಹಳೆಯ ಕೋಟೆಯೊಳಗೆ ವಸ್ತುಸಂಗ್ರಹಾಲಯವಿತ್ತು. ಅದರ ಅಂಗಳದಲ್ಲಿ ಖರ್ಜೂರದ ಮಡಲುಗಳನ್ನು ಹಗ್ಗದಲ್ಲಿ ಬಿಗಿದು ಮಾಡಿದ ಒಂದು ದೋಣಿ. ತೆಂಗಿನ ಮಡಲಿನಿಂದ ನಾವು ತಟ್ಟಿ ಕಟ್ಟುತ್ತೇವೆ, ಪೊರಕೆ ಮಾಡುತ್ತೇವೆ; ದೋಣಿ ಮಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಜಗನ್ನಾಥ ಅವಸರ ಮಾಡಿದ. "ನೀನು ಹೋಗಿ ಸೀಟು ಹಿಡಿ, ಬಂದೆ," ಎಂದು ಕಳಿಸಿ ಅದ್ರಾಮನಿಗೆ ತೋರಿಸಲು ಅದರ ಚಿತ್ರ ಬರೆದುಕೊಳ್ಳತೊಡಗಿದೆ. ವಾಚು ನೋಡಿದರೆ ಆರೂವರೆ ಆಗುತ್ತಾ ಬಂದಿತ್ತು. ಎರಡು ಕಳೆದರೆ ನಾಲ್ಕೂವರೆ. ಬೇಕಾದಷ್ಟು ಸಮಯ ಉಂಟೆಂದು ನಿಧಾನವಾಗಿ ಕಟ್ಟೆಗೆ ನಡೆದೆ.

ಕಳೆಯಬೇಕಾದದ್ದು ಒಂದೂವರೆ ಎಂಬುದು ನೆನಪಾದಾಗ ಬೋಟು ದಡದಿಂದ ಇನ್ನೂರು ಅಡಿ ಆಚೆ ಇತ್ತು. ಗಣಿತದ ಮಾಸ್ತರನಾಗಿದ್ದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹಿಂಭಾಗದಲ್ಲಿ ಜಗನ್ನಾಥ ಎದ್ದು ನಿಂತು ಕೈ ಬೀಸುತ್ತಿದ್ದ. ಪಕ್ಕದಲ್ಲೇ ಹತ್ತು ಅಬ್ರಾಗಳು ಜನಕ್ಕಾಗಿ ಕಾಯುತ್ತಿದ್ದವು. ಜೇಬಿನಲ್ಲಿ ಕಾಲು ದಿರ್ಹಮ್ಮಿನ ನಾಣ್ಯವೂ ಇತ್ತು. ಇದು ತೋಚಿದ್ದು ಆಮೇಲೆ. ದಾಟಬೇಕು, ದೋಣಿ ಹೊರಟಿದೆ ಎಂದಾಗ ನಮ್ಮ ಕಡೆಯವರ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಪರದೇಶದ ಕಟ್ಟೆಯ ಮೇಲೆ, ಪುತ್ತೂರಿನ ಹೊಸ ಪ್ಯಾಂಟಿನಲ್ಲಿ ನಿಂತು, 'ಕೂ' ಹಾಕಿದೆ.

ಈರುಳ್ಳಿ ಇಳಿಸುತ್ತಿದ್ದ ಕೂಲಿಗಳು ತಿರುಗಿ ನೋಡಿದರು. ಬೋಟು ಹೋಗುತ್ತಲೇ ಇತ್ತು. ಇನ್ನೊಮ್ಮೆ ಹಾಕಿದೆ. ಹೋಗುತ್ತಲೇ ಇತ್ತು. ಆಗ ನಾಚಿಕೆ ಆಯಿತು. ಆದರೆ ಎರಡರಲ್ಲಿ ನಿಲ್ಲಿಸಿದರೆ ಆಯೋಗ ಅರ್ಧ ವಿಚಾರಣೆ ಮಾಡಿ ವರದಿ ಬರೆದಂತಾಗುತ್ತದೆ. ಇದ್ದ ಉಸಿರನ್ನೆಲ್ಲ ಕೂಡಿಸಿ ಮೂರನೆಯದನ್ನು ಹಾಕಿದೆ.

ಮೂವತ್ತು ಜನರನ್ನು ಹೊತ್ತ ಬೋಟು ನೀರಿನಲ್ಲಿ ದೊಡ್ಡದೊಂದು ಅರ್ಧ ವೃತ್ತ ಎಳೆದು ತಿರುಗಿತು.

ಹತ್ತಿದಾಗ ಹಮೀದ್ ನನ್ನ ಮುಖ ನೋಡದೆ ಹೇಳಿದ, "ಎಂತ ಮಾಡಿದ್ರಿ ಮಾಷ್ಟ್ರೆ ನೀವು."

"ನೀನು ಯಾಕೆ ತಿರುಗಿಸಿದ್ದು?"

"ಗೊತ್ತಿಲ್ಲ. ಕೈ ತಿರುಗಿಸಿತು." ಕಟ್ಟೆಯ ಮೇಲೆ ನಿಂತ ಕಂಪೆನಿಯ ಸೂಪರ್ವೈಸರ್ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಹಮೀದ್ ಅತ್ತ ಗಲ್ಲ ತೋರಿಸಿದ. "ಹೋದ ತಿಂಗಳು ಒಬ್ಬನನ್ನು ಇದಕ್ಕೇ ಊರಿಗೆ ಕಳ್ಸಿದ್ದಾರೆ."

ಹುಡುಗ ಬದಲಾಗಿಲ್ಲವೆಂದು ಸಾಬೀತುಪಡಿಸುವ ಭರದಲ್ಲಿ ಆಯೋಗವು ಅವನ ಕೆಲಸವನ್ನೇ ತೆಗೆದಂತಾಯಿತು.

ಶನಿವಾರ ಬೆಳಿಗ್ಗೆ ಹಮೀದನ ಜೊತೆ ಅವರ ಆಫೀಸಿಗೆ ನಾನೂ ಹೋದೆ. ಮಾಲಿಕ ಬಿಳಿಗಡ್ಡದ ಮುದುಕ. ಎಳೆಯ ಪ್ರಾಯದಲ್ಲಿ ಮುತ್ತು ತೆಗೆಯುವ ಹಡಗಿನಲ್ಲಿದ್ದವನಂತೆ. ನಾನು ತಪ್ಪೊಪ್ಪಿಕೊಂಡು ಕಡವಿನ ಕ್ರಮವನ್ನು ವಿವರಿಸಿದೆ. ಮಲಯಾಳಿ ಗುಮಾಸ್ತ ಅದನ್ನು ಅರಬಿಗೆ ತಿರುಗಿಸಿದ. ಮುದುಕ ಜಪಮಣಿ ನಿಲ್ಲಿಸಿ ಏನೋ ಕೇಳಿದ.

"ಆ ಕೂಗು ಹೇಗೆ, ಒಮ್ಮೆ ತೋರಿಸ್ಲಿಕ್ಕೆ ಹೇಳ್ತಿದ್ದಾರೆ," ಎಂದ ಗುಮಾಸ್ತ.

ಏರ್ ಕಂಡೀಶನ್ ಹಾಕಿದ ಕೋಣೆಯಲ್ಲಿ, ಫೈಲುಗಳ ನಡುವೆ ನಿಂತು ತೋರಿಸಿದೆ. ಮುದುಕ ನಗಲಿಲ್ಲ. ನಿಮ್ಮ ಹೊಳೆ ಎಷ್ಟು ಅಗಲ ಎಂದು ಕೇಳಿಸಿದ. ಬೇಸಿಗೆಯಲ್ಲಿ ಒಂದು ಕಲ್ಲೆಸೆತ, ಆಟಿ ತಿಂಗಳ ಮಳೆಯಲ್ಲಿ ದೇವರಿಗೇ ಗೊತ್ತು ಎಂದೆ. ಮುದುಕ ಮತ್ತೆ ಜಪಮಣಿ ಎಣಿಸುತ್ತಾ ತೀರ್ಪು ಹೇಳಿದ: ಹಮೀದ್ ತನ್ನ ರಜೆಯ ಪಾಳಿ ಬರುವ ಎರಡು ಶುಕ್ರವಾರವೂ ಕೆಲಸ ಮಾಡಬೇಕು. ಕೆಲಸ ಇರುತ್ತದೆ. ಈ ಮಾಸ್ತರರು ಇನ್ನೊಮ್ಮೆ ಬಂದರೆ ಗಡಿಯಾರ ಸರಿ ಮಾಡಿಕೊಂಡು ಬರಬೇಕು.

ಭಾನುವಾರ ಹೊರಟು ಬುಧವಾರ ಕೋಡಿಂಬಾಳ ಮುಟ್ಟಿದೆ. ಉಸ್ಮಾನ್ ಬ್ಯಾರಿಗಳಿಗೆ ಎಲ್ಲವನ್ನೂ ಹೇಳಿದೆ: ಬೋಟು, ಟೊಪ್ಪಿ, ಗುರುವಾರ ಬಿಟ್ಟುಹೋದ ಇಬ್ಬರು, ನನ್ನ ಕಳೆಯುವ ಲೆಕ್ಕ, ಎರಡು ಶುಕ್ರವಾರದ ಶಿಕ್ಷೆ. ಅವರು ತಲೆ ಕೆರೆದುಕೊಂಡರು. "ಹಾಗಾದ್ರೆ ಇದು ಒಳ್ಳೇದಾ ಕೆಟ್ಟದ್ದಾ ಮಾಷ್ಟ್ರೆ? ಕೆಲಸ ಹೋಗ್ತಿತ್ತಲ್ಲ?"

ನಾನು ಉತ್ತರಿಸುವ ಮೊದಲು ಬಾಗಿಲ ಹಿಂದಿನಿಂದ ಮಾತು ಬಂತು. "ಗುರುವಾರದವರು ಕೂ ಹಾಕ್ಲಿಲ್ಲ ಅಲ್ವಾ, ಬಾಪಾ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಹಾ ಬಂತು, ಜೊತೆಗೆ ತುಪ್ಪದ ಪರಿಮಳದ ತಿಂಡಿ. ಉಸ್ಮಾನ್ ತಟ್ಟೆ ನೋಡಿ ಹೇಳಿದರು, "ಇದನ್ನು ಮಾಡ್ಲಿಕ್ಕೆ ನಾನು ಹೇಳ್ಲೇ ಇಲ್ಲ, ಅವಳೇ ಮಾಡಿದ್ದು. ಆಯ್ತು, ನಿಖಾಕ್ಕೆ ದಿನ ನೋಡುವ."

ಸಂಜೆ ಕಡವಿಗೆ ಬಂದೆ. ಮೂರು ಕೂಗಿಗೆ ಅದ್ರಾಮ ದೋಣಿ ತಂದ. ಸುದ್ದಿ ಕೇಳುತ್ತಾ ಗಳೆ ಊರಿದ; ಮದುವೆಯ ಮಾತಿಗಿಂತ ಕೂಗಿನ ಮಾತನ್ನೇ ಎರಡೆರಡು ಸಲ ಹೇಳಿಸಿದ.

"ಮೊದಲನೇದಕ್ಕೇ ಅವನಿಗೆ ನಿಮ್ಮ ಸ್ವರ ಗುರ್ತ ಸಿಕ್ಕಿರ್ತದೆ," ಎಂದ.

"ಮತ್ತೆ ಮೂರರವರೆಗೆ ಯಾಕೆ ಕಾದದ್ದು?"

"ಗುರ್ತದವರಿಗೆ ಒಂದಕ್ಕೇ ತಿರುಗಿಸಿದ್ರೆ ಅದು ಕಡವಾ ಮಾಷ್ಟ್ರೆ?"

ಮಡಲಿನ ದೋಣಿಯ ಚಿತ್ರ ತೋರಿಸಲು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಬಿಟ್ಟು ಬಂದ ದಡದಿಂದ ಯಾರೋ 'ಕೂ' ಹಾಕಿದರು. ನಾವು ನಡುಹೊಳೆಯಲ್ಲಿದ್ದೆವು. ಎರಡನೆಯದು ಬಂತು. ಅದ್ರಾಮ ಗಳೆ ಎತ್ತಿ ಹಿಡಿದು ಕಾದ. ಮೂರನೆಯದು ಬಿದ್ದದ್ದೇ ದೋಣಿ ತಿರುಗಿತು, ಮನೆಯ ದಡ ನನ್ನ ಬೆನ್ನಿನ ಕಡೆಗಾಯಿತು. ವಾಚು ನೋಡಿದೆ. ಆರೂವರೆ. ಏನೂ ಕಳೆಯಬೇಕಾಗಿರಲಿಲ್ಲ.